ಬಾಡಿಗೆ ಕುರ್ಚಿ ಮತ್ತು ಚರ್ಚಿನ ಹೊಸ್ತಿಲು

ಬಾಡಿಗೆ ಮನೆಯಲ್ಲಿ ಸ್ವಂತ ಕುರ್ಚಿ ಇಟ್ಟುಕೊಂಡವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಸ್ವಂತ ಮನೆಯಲ್ಲಿ ಬಾಡಿಗೆ ಕುರ್ಚಿ ಇಟ್ಟುಕೊಂಡವರನ್ನು ನೋಡಬೇಕೆಂದರೆ ಶಹಾಬಾದಿಗೆ ಬನ್ನಿ, ನಮ್ಮ ಮಾವನವರನ್ನು ತೋರಿಸುತ್ತೇನೆ! ನಾನು ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಬೆನ್ನಿನ ಮೇಲೆ ಟೆಂಟ್ ಹೌಸಿನ ಹೆಸರು ಬರೆಸಿಕೊಂಡ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ನಮ್ಮ ಪಡಸಾಲೆಯಲ್ಲಿ ಇಲ್ಲದ ವಾರವೇ ಇಲ್ಲ. ಮನೆಯಲ್ಲಿ ಕುರ್ಚಿಗೆ ಬರವೇ ಎಂದು ಕೇಳಬೇಡಿ. ಆರು ಇವೆ, ಮೇಲೊಂದು ಸೋಫಾ ಇದೆ.

ಕಾರಣ ಕುರ್ಚಿಯಲ್ಲ, ಅದು ಇರುವ ಗೋದಾಮು. ಹಿಂದೊಮ್ಮೆ ಅದು ಚರ್ಚಾಗಿತ್ತು. ರೈಲ್ವೆಯವರು, ಕಾರ್ಖಾನೆಯವರು ವರ್ಗವಾಗಿ, ನಿವೃತ್ತರಾಗಿ ಊರು ಬಿಟ್ಟರು. ಉಳಿದ ನಾಲ್ಕು ಮನೆಯವರು ಬೇರೆ ಚರ್ಚಿಗೆ ಹೋಗತೊಡಗಿದರು. ಕಟ್ಟಡ ಕೈಯಿಂದ ಕೈಗೆ ದಾಟಿ ಕೊನೆಗೆ ಟೆಂಟ್ ಹೌಸಿನ ಸಾಹುಕಾರರ ಪಾಲಾಯಿತು. ಈಗ ಪಾದ್ರಿಗಳು ನಿಲ್ಲುತ್ತಿದ್ದ ಮೂರು ಮೆಟ್ಟಿಲಿನ ಮೇಲೆ ಅಡುಗೆಯ ಕೊಪ್ಪರಿಗೆಗಳು ಬೋರಲು ಮಲಗಿವೆ. ಹಾಡುವವರ ಜಾಗದಲ್ಲಿ ಮದುಮಕ್ಕಳ ಸಿಂಹಾಸನ ಕೂತಿದೆ. ಬಾಗಿಲ ಪಕ್ಕದ ತೀರ್ಥದ ಕಲ್ಲುಬಟ್ಟಲಲ್ಲಿ ಸಾಹುಕಾರರು ಮೊಳೆ, ನಟ್ಟು, ಬೋಲ್ಟು ಇಡುತ್ತಾರೆ.

"ಮಾಸ್ತರ್, ದಿನಾ ಬಂದು ಗೋಡಿ ನೋಡ್ಕೋತ ನಿಂತ್ರ ನಮ್ಮ ಹುಡುಗರು ಕೆಲಸ ಬಿಟ್ಟು ನಿಮ್ಮನ್ನ ನೋಡಾಕತ್ತಾರ್ರಿ. ಗಿರಾಕಿ ಇದ್ರ ಬರ್ರಿ" ಎಂದು ಸಾಹುಕಾರರು ಒಮ್ಮೆ ಬೇಸರದಿಂದ ಅಂದರಂತೆ. ಅವತ್ತೇ ಮಾವ ಗಿರಾಕಿಯಾದರು. ಒಂದು ಕುರ್ಚಿ ಬಾಡಿಗೆಗೆ ತಂದರೆ ತರುವಾಗ ಒಂದು ಸಲ, ತಿರುಗಿ ಕೊಡುವಾಗ ಇನ್ನೊಂದು ಸಲ ಒಳಗೆ ಹೋಗಬಹುದಲ್ಲ! ಕುರ್ಚಿ ಹೊತ್ತು ನಡೆಯುವ ವಯಸ್ಸು ದಾಟಿದ ಮೇಲೆ ನನ್ನ ಸ್ಕೂಟಿ ಬಂತು. ಮಾವ ಹಿಂದೆ ಕೂತು ಕುರ್ಚಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಳ್ಳುತ್ತಾರೆ. ನಾಲ್ಕು ಕೊಂಬಿನ ಮಾಸ್ತರರು ಹೊರಟರೆ ಊರು ದಾರಿ ಬಿಡುತ್ತದೆ.

ಮಾವ ಸೇಡಂನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ವಾಡಿಯಲ್ಲಿ ಗಾಡಿ ಬದಲಿಸಿ ದಿನಾ ಹೋಗಿ ಬರುತ್ತಿದ್ದರು. ಎಷ್ಟೋ ಸಲ ಗಾಡಿಯಲ್ಲಿ ಎದುರು ಕೂತವರಿಗೆ ಚರ್ಚಿನ ಕಮಾನು ಬರೆದು ವಿವರಿಸಿ ಮುಗಿಸುವಷ್ಟರಲ್ಲಿ ಚಿತ್ತಾಪುರ ಬಂದಿರುತ್ತಿತ್ತಂತೆ, ಕೇಳುತ್ತ ಕೂತವರ ಕಾಲು ಮರಗಟ್ಟಿರುತ್ತಿತ್ತಂತೆ! ನಮ್ಮ ಮನೆಯಲ್ಲಿರುವುದು ಬುದ್ಧನ ಪಟ. ಹೀಗಾಗಿ ಈ ಚರ್ಚಿನ ಹುಚ್ಚು ನೋಡಿ ಓಣಿಯವರಿಗೆ ಒಂದು ಗುಮಾನಿ. "ಮಾಸ್ತರ್ರು ಆ ಕಡಿ ಹೋಗಾಕತ್ತಾರೇನವ್ವಾ?" ಎಂದು ಅತ್ತೆಯನ್ನು ಮೆಲ್ಲಗೆ ಕೇಳುತ್ತಾರೆ. ಅತ್ತೆಯದು ಒಂದೇ ಉತ್ತರ: "ಯಾ ಕಡೀಗೂ ಹೋಗಂಗಿಲ್ಲವ್ವಾ. ನಡಬಾಗಲದಾಗೇ ನಿಂತಾರ."

ಕಮಾನಿನ ವಿಷಯ ಬಂದರೆ ಊಟವೂ ಸುರಕ್ಷಿತವಲ್ಲ. ಒಂದು ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಾಗ ಮಾವ ಕಡಕ್ ರೊಟ್ಟಿಗಳನ್ನು ಮುರಿದು, ಒಂದಕ್ಕೊಂದು ಆನಿಸಿ, ಚರ್ಚಿನ ಕಿಟಕಿಯ ಕಮಾನು ಕಟ್ಟತೊಡಗಿದರು. ನೆತ್ತಿಯಲ್ಲೊಂದು ಬೆಲ್ಲದ ಚೂರು ಸಿಕ್ಕಿಸಿದರು. "ಇದು ನಡುಗಲ್ಲು. ಇದು ಇರೋತನಕ ಯಾವುದೂ ಬೀಳಂಗಿಲ್ಲ." ನನ್ನ ಗಂಡ ಆ ನಡುಗಲ್ಲನ್ನು ತೆಗೆದು ಬಾಯಿಗೆ ಹಾಕಿಕೊಂಡರು! ಕಮಾನು ಪುಂಡಿಪಲ್ಯದೊಳಗೆ ಕುಸಿಯಿತು. "ಮಗನ, ನೂರು ಮಂದಿ ಕೂಡೋ ಚರ್ಚ್ ಕೆಡವಿದಿ!" ಎಂದು ಮಾವ ಹೌಹಾರಿದರೆ, ಅತ್ತೆ "ನೂರು ಮಂದೀನೂ ಉಪವಾಸ ಏಳ್ತಾರ ಇವತ್ತ" ಎಂದು ರೊಟ್ಟಿಯ ಬುಟ್ಟಿಯನ್ನೇ ಎತ್ತಿಕೊಂಡು ಒಳಗೆ ಹೋದರು.

ಇಷ್ಟೆಲ್ಲ ಹುಚ್ಚಿದ್ದರೂ ಮಾವನವರ ಇತಿಹಾಸದಲ್ಲಿ ಕಟ್ಟುಕಥೆಗೆ ಜಾಗವಿರಲಿಲ್ಲ. "ದಾಖಲೆ ಇಲ್ಲದ್ದು ನಾ ಹೇಳಂಗಿಲ್ಲ" ಎಂಬುದು ಅವರ ಮಂತ್ರ. ಆ ಚರ್ಚಿನ ಹಳೆಯ ನಕಾಶೆಯ ನಕಲೊಂದನ್ನು ಎಲ್ಲಿಂದಲೋ ಸಂಪಾದಿಸಿ ಕಪಾಟಿನಲ್ಲಿಟ್ಟಿದ್ದಾರೆ. ಕಲ್ಲು ಯಾವುದು, ಗಾರೆ ಯಾವುದು, ಗಂಟೆ ಎಲ್ಲಿತ್ತು, ಎಲ್ಲಕ್ಕೂ ದಾಖಲೆ. ದಾಖಲೆಯಿಲ್ಲದ್ದು ಒಂದೇ, ಬಾಗಿಲಿನ ಹೊಸ್ತಿಲು. ನಕಾಶೆಯಲ್ಲಿ ಅದಿಲ್ಲ. ಆದರೆ ಬಾಗಿಲಲ್ಲಿ ಒಂದು ಗೇಣು ಎತ್ತರದ ಶಹಾಬಾದಿ ಕಲ್ಲಿನ ಹೊಸ್ತಿಲಿದೆ, ಬಂದವರೆಲ್ಲ ಅದನ್ನು ಎಡವುತ್ತಾರೆ. ಕಟ್ಟಡ ನೋಡಲು ಬಂದ ಮೊದಲ ಪಾದ್ರಿಯೂ ಎಡವಿದ್ದರಂತೆ. "ಮತ್ಯಾಕ ಇಟ್ಟಾರ್ರಿ ಮಾವಾ?" ಎಂದರೆ, "ದಾಖಲೆ ಇಲ್ಲ" ಎಂದು ಮಾತು ತಿರುಗಿಸುತ್ತಾರೆ.

ನನ್ನನ್ನು ಐನಾಪುರದಿಂದ ಮದುವೆ ಮಾಡಿಕೊಂಡು ಕರೆತಂದ ದಿನದ ಕಥೆ ಕೇಳಿ. ಜೀಪು ಮನೆಗೆ ಹೋಗುವ ಮೊದಲು ಗೋದಾಮಿಗೆ ಹೋಯಿತು! ಸೀರೆ, ಬಾಸಿಂಗ, ಬೆವರು ಸಮೇತ ನಾನು ಇಳಿದೆ. ನನ್ನಪ್ಪ ಪೊಲೀಸ್ ಜಮಾದಾರರು. ಮೀಸೆ ತಿರುವುತ್ತ ಮುಂದೆ ನುಗ್ಗಿದರೆ ಮಾವ ಅಡ್ಡ ನಿಂತರು. "ಸ್ವಲ್ಪ ತಡೀರಿ ಬೀಗರ. ಹೆಣ್ಮಕ್ಕಳು ಮೊದಲ."

"ಇದ್ಯಾವ ಪದ್ಧತಿರಿ?" ಬಿಸಿಲಲ್ಲಿ ನಿಂತ ಅಪ್ಪ ಕೇಳಿದರು.

"ಇಲ್ಲಿಂದು ಇದೇ ಪದ್ಧತಿರಿ."

"ಇದಕ್ಕ ದಾಖಲೆ ಏನರೆ ಅದ ಏನು?" ಪೊಲೀಸರಲ್ಲವೇ, ಕೇಳಿಯೇಬಿಟ್ಟರು.

ಮಾವ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ದಾಖಲೆಯ ಮನುಷ್ಯ ದಾಖಲೆಯ ಪ್ರಶ್ನೆಯಿಂದಲೇ ತಪ್ಪಿಸಿಕೊಂಡದ್ದನ್ನು ನಾನು ಅವತ್ತೇ ಗಮನಿಸಬೇಕಿತ್ತು. ಆದರೆ ನಾನು ದಾಟಿದ ಬೆನ್ನಲ್ಲೇ ಅಪ್ಪ ಹೊಸ್ತಿಲು ಎಡವಿ ಮುಗ್ಗರಿಸಿದ್ದರಿಂದ ನಗು ತಡೆಯುವುದರಲ್ಲೇ ಮುಳುಗಿದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಕುರ್ಚಿ ತಿರುಗಿ ಕೊಡಲು ಹೋದಾಗ ಬಾಗಿಲಲ್ಲಿ ಇಬ್ಬರು ಕೂಲಿಯವರು ಹಾರೆ, ಸುತ್ತಿಗೆ ಹಿಡಿದು ನಿಂತಿದ್ದರು. ಹಿಂದಿನ ದಿನ ಕೊಪ್ಪರಿಗೆ ಹೊತ್ತವನೊಬ್ಬ ಹೊಸ್ತಿಲು ಎಡವಿ ಬಿದ್ದು ಕಾಲು ಮುರಿದುಕೊಂಡಿದ್ದನಂತೆ. "ಇವತ್ತ ಈ ಕಲ್ಲ ಕಿತ್ತು ಒಗಿತೀನ್ರಿ ಮಾಸ್ತರ್, ಸಾಕಾಗ್ಯದ" ಎಂದರು ಸಾಹುಕಾರರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮಾವ ತಲೆಯ ಮೇಲಿನ ಕುರ್ಚಿ ಇಳಿಸಿದರು. ಮುಂದಿನ ಕಾಲು ಒಳಗೆ, ಹಿಂದಿನ ಕಾಲು ಹೊರಗೆ ಬರುವಂತೆ ಹೊಸ್ತಿಲ ಮೇಲೆ ಅಡ್ಡ ಇಟ್ಟು, ಕೂತುಬಿಟ್ಟರು!

"ಏಳ್ರಿ ಮಾಸ್ತರ್."

"ಬಾಡಿಗಿ ಸಂಜಿತನಕ ಅದರಿ. ಅಲ್ಲೀತನಕ ಕುರ್ಚಿ ನಂದು."

ಕೂಲಿಯವರು ನಕ್ಕರು. ನನಗೂ ನಗು ಬಂತು, ನಾಚಿಕೆಯೂ ಆಯಿತು. ಆದರೆ ಮಾವ ಬಾಗಿ ಆ ಕಲ್ಲನ್ನು ಅಂಗೈಯಿಂದ ಸವರುತ್ತಿದ್ದರು. ಸಾಹುಕಾರರೂ ಅದನ್ನು ನೋಡಿದರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಒಂದು ಕಲ್ಲಿಗೆ ಇಷ್ಟ್ಯಾಕ್ರಿ?" ಎಂದು ಮೆತ್ತಗೆ ಕೇಳಿದರು.

"ದಾಖಲೆ ಇಲ್ರಿ ಸಾವ್ಕಾರ್ರ. ಬರೀ ನಮ್ಮವ್ವ ಹೇಳಿದ್ದು" ಎಂದು ಮಾವ ಶುರು ಮಾಡಿದರು. "ಈ ಕಲ್ಲ ಇಟ್ಟವ ಇಲ್ಲಿ ಕಲ್ಲ ಕೆಲಸಕ್ಕಿದ್ದ ನಮ್ಮಪ್ಪ. ಅವಗ ನಕಾಶಾ ಓದಾಕ ಬರ್ತಿದ್ದಿಲ್ಲ. ದೇವರ ಮನಿ ಅಂದ್ರ ಹೊಸ್ತಿಲ ಬೇಕೇ ಬೇಕು ಅಂತ ಇಟ್ಟುಬಿಟ್ಟ. ಯಾಕಂದ್ರ ನಮ್ಮ ಮಂದಿ ಊರಾಗಿನ ಗುಡಿ ನೋಡಿದ್ದೇ ಹೊಸ್ತಿಲತನಕ. ಅದರಾಚೆ ಏನಿರ್ತದ, ಅವಗೇನ್ ಗೊತ್ತು?"

ಸುತ್ತಿಗೆ ಹಿಡಿದವನು ಅದನ್ನು ಕೆಳಗಿಟ್ಟ.

"ಪಾದ್ರಿ ಬಂದು ಎಡವಿದ. ಅಪ್ಪ ಹೆದರಿ, ಈಗೇ ಒಡಿತೀನ್ರಿ ಅಂದ. ಪಾದ್ರಿ ಬ್ಯಾಡ ಅಂದ. ಹೊರಗ ಗಾರಿ ಬುಟ್ಟಿ ಹೊತ್ಕೊಂಡು ನಮ್ಮವ್ವ ನಿಂತಿದ್ಲು. ಇಷ್ಟು ದಿನ ಕೆಲಸಕ್ಕ ಒಳಗ ಹೋಗಿದ್ಲು. ಹೊಸ್ತಿಲ ಕುಂತಿದ್ದೇ ತಡ, ಇನ್ನ ಇದು ಗುಡಿ ಆಯ್ತು, ನಾ ಹೋಗಬಾರದು ಅಂತ ನಿಂತುಬಿಟ್ಟಿದ್ಲಂತ. ಪಾದ್ರಿ ಆಕೀಗೇ ಹೇಳಿದ, ತಾಯಿ, ಮೊದಲ ನೀ ದಾಟು ಅಂತ. ಅವ್ವ ದಾಟಿದ್ಲು. ನಾ ಹೊಟ್ಟ್ಯಾಗ ಇದ್ದೆ."

ಸಾಹುಕಾರರು ಎದ್ದು ಕೂಲಿಯವರಿಗೆ, "ಹಾರಿ ಒಳಗಿಡ್ರಪಾ. ಎರಡೂ ಕಡಿ ಹಲಗಿ ಇಟ್ಟು ಇಳಿಜಾರ ಮಾಡ್ರಿ" ಎಂದರು. ಮಾವನ ಕಡೆ ತಿರುಗಿ, "ದಾಖಲೆ ಮ್ಯಾಲೇ ಕುಂತೀರಿ ಮಾಸ್ತರ್. ಮತ್ತ್ಯಾವ ದಾಖಲೆ ಬೇಕ್ರಿ?" ಎಂದರು.

ನನಗೆ ಅಳು ಬಂತು. ನನ್ನ ಅಜ್ಜಿಯೂ ಜೀವಮಾನವಿಡೀ ಹೊರಗೆ ನಿಂತೇ ಕೈ ಮುಗಿದವಳು. ಹನ್ನೊಂದು ವರ್ಷ ನಾನು ಈ ಹೊಸ್ತಿಲನ್ನು ಬೈಯುತ್ತ ದಾಟಿದ್ದೆ, ಮಾವನ ಹುಚ್ಚನ್ನು ತವರಿನಲ್ಲಿ ಹೇಳಿ ನಗಿಸಿದ್ದೆ. ಅದಕ್ಕಾಗಿ ಅವತ್ತು ತುಂಬ ನಾಚಿಕೆಪಟ್ಟೆ.

ಮಾವ ಎದ್ದು ಕುರ್ಚಿ ಸರಿಸಿ ಎಂದಿನಂತೆ ಪಕ್ಕಕ್ಕೆ ನಿಂತರು. "ನಡಿಯವ್ವಾ, ಮೊದಲ ನೀ."

ಚಪ್ಪಲಿ ಬಿಟ್ಟೆ. ಸೀರೆಯ ನೆರಿಗೆ ಎತ್ತಿ ಹಿಡಿದು ನಿಧಾನಕ್ಕೆ ದಾಟಿದೆ. ನನ್ನ ಹಿಂದೆಯೇ, ಕುರ್ಚಿ ಹೊತ್ತುಕೊಂಡು, ಮಾವ ಬಂದರು.