ಮೇಷ್ಟ್ರ ಮಿಲಿಟರಿ ವಾಚುಗಳು

ನ್ಯಾಮತಿಯ ಮುರುಗೇಶಪ್ಪ ಮೇಷ್ಟ್ರು ಕೆಟ್ಟಿದ್ದು ಒಂದು ಬಕೆಟ್ ನೀರಿನಿಂದ.

ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ ಖಲಂದರ್ ರಜೆಗೆ ಊರಿಗೆ ಬಂದವನು, ಒಂದು ಸಂಜೆ ಹೋಟೆಲಿನ ಮುಂದೆ ಹತ್ತು ಜನರನ್ನು ನಿಲ್ಲಿಸಿಕೊಂಡು ತನ್ನ ಕೈಗಡಿಯಾರವನ್ನು ಬಿಚ್ಚಿ ಬಕೆಟ್ಟಿಗೆ ಹಾಕಿದ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟು ತೆಗೆದ. ವಾಚು ಟಿಕ್ ಟಿಕ್ ಅನ್ನುತ್ತಿತ್ತು. ಆಮೇಲೆ ಅದನ್ನು ಹೋಟೆಲಿನ ಮಾಡಿನ ಮೇಲಿಂದ ಬೀದಿಗೆ ಎಸೆದ. ಆಗಲೂ ಟಿಕ್ ಟಿಕ್. ಉಳಿದ ಒಂಬತ್ತು ಜನ ಭೇಷ್ ಅಂದು ಮನೆಗೆ ಹೋದರು. ಮೇಷ್ಟ್ರು ಮಾತ್ರ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಆ ಕರಿಮುಖದ ವಾಚು ಅವರ ಎಡಗೈಯಲ್ಲಿ ಕೂತಿತ್ತು.

ಅಲ್ಲಿಗೆ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆರು ತಿಂಗಳಲ್ಲಿ ವಾಚುಗಳು ಆರಾದವು. ಎಲ್ಲವೂ ಅಗ್ಗದವು, ಎಲ್ಲವೂ ಒರಟು. ಯಾರಾದರೂ ಚಿನ್ನದ ವಾಚಿನ ಸುದ್ದಿ ಎತ್ತಿದರೆ ಮೇಷ್ಟ್ರು ಮೂಗು ಮುರಿಯುತ್ತಿದ್ದರು. "ಅದು ಒಡವೆ ಕಣ್ರೀ, ವಾಚಲ್ಲ. ವಾಚು ಅಂದ್ರೆ ಎತ್ತು ಇದ್ದಂಗಿರಬೇಕು. ಬಿದ್ರೂ ಎದ್ದು ನಡೀಬೇಕು" ಎನ್ನುತ್ತಿದ್ದರು. ಎಡಗೈಗೆ ಮೂರು, ಬಲಗೈಗೆ ಮೂರು ಕಟ್ಟಿ, ಮೇಲೆ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ಆರು ವಾಚುಗಳೂ ಆರು ಟೈಮು ತೋರಿಸುತ್ತಿದ್ದವು ಎಂಬುದು ಅವರಿಗೆ ಒಂದು ಕೊರತೆಯೇ ಅಲ್ಲ. ಎಲ್ಲಕ್ಕಿಂತ ಮುಂದಿರುವುದನ್ನೂ ಎಲ್ಲಕ್ಕಿಂತ ಹಿಂದಿರುವುದನ್ನೂ ಬಿಟ್ಟು, ಉಳಿದ ನಾಲ್ಕನ್ನು ಕೂಡಿಸಿ ನಾಲ್ಕರಿಂದ ಭಾಗಿಸಿ ಟೈಮು ಹೇಳುತ್ತಿದ್ದರು. ಲೆಕ್ಕದ ಮೇಷ್ಟ್ರಲ್ಲವೇ! ಟೈಮು ಕೇಳಿದವನು ಅಷ್ಟರಲ್ಲಿ ಬೀದಿ ದಾಟಿ ಹೋಗಿರುತ್ತಿದ್ದ.

ಒಂದು ದಿನ ತರಗತಿಯಲ್ಲಿ ಹುಡುಗರೆಲ್ಲ ಬಕೆಟ್ ಸುತ್ತ ಕುಕ್ಕರುಗಾಲಲ್ಲಿ ಕೂತು, ಮುಳುಗಿದ ವಾಚನ್ನು ನೋಡುತ್ತಾ ಒಂದೇ ಸ್ವರದಲ್ಲಿ ಅಂಕಿ ಎಣಿಸುತ್ತಿದ್ದಾಗ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದರು. ಬಕೆಟ್ಟಿನೊಳಗೆ ಒಮ್ಮೆ ಇಣುಕಿ ಹೊರಟುಹೋದರು. ಹದಿನೈದು ದಿನಕ್ಕೆ ಜಗಳೂರಿಗೆ ವರ್ಗದ ಆರ್ಡರು ಬಂತು.

ಮೇಷ್ಟ್ರ ಹೆಂಡತಿ ಸರ್ವಮಂಗಳಮ್ಮನವರು ಆರ್ಡರನ್ನು ಓದಿಸಿ ಕೇಳಿ, ಒಲೆಯ ಮುಂದಿಂದ ಏಳದೆಯೇ ತಮ್ಮ ತೀರ್ಪು ಕೊಟ್ಟರು.

"ನಮ್ಮಪ್ಪನ ಮನೆ ಇರೋದು ಚನ್ನಗಿರಿಯಾಗೆ. ಕರೆಯೋ ಎಮ್ಮೆ ಇರೋದು ಈ ಕೊಟ್ಟಿಗೆಯಾಗೆ. ನಾನು ಎರಡನ್ನೂ ಬಿಟ್ಟು ಬರಾಕಿಲ್ಲ. ನೀವೂ ನಿಮ್ಮ ಆರು ಜನ ಹೆಂಡ್ರೂ ಹೋಗ್ರಿ ಜಗಳೂರಿಗೆ. ಅವ್ರೇ ಅಡಿಗೆ ಮಾಡಿ ಹಾಕಲಿ."

ಮೇಷ್ಟ್ರು ಗಾಬರಿಯಾದರು. ಹೆಂಡತಿಯ ಕೈಯ ರೊಟ್ಟಿ, ಗಟ್ಟಿ ಮೊಸರು ಬಿಟ್ಟು ಬದುಕುವುದನ್ನು ಅವರು ಕನಸಿನಲ್ಲೂ ನೆನೆದಿರಲಿಲ್ಲ. ಅರ್ಜಿ ಬರೆದರು, ಕಾಲಿಗೆ ಬಿದ್ದಂತೆ ಬರೆದರು. ದಸರೆ ರಜೆಯಲ್ಲಿ ಉತ್ತರ ಬಂತು: ರಜೆ ಮುಗಿದ ಮೊದಲ ಸಂತೆಯ ದಿನ ಸಾಹೇಬರ ಮೊಕ್ಕಾಂ ಹೊನ್ನಾಳಿಯ ಬಂಗಲೆಯಲ್ಲಿ. ಬೆಳಗ್ಗೆ ಸರಿಯಾಗಿ ಹನ್ನೊಂದು ಗಂಟೆಗೆ ಖುದ್ದಾಗಿ ಹಾಜರಾದರೆ ಅಹವಾಲು ಕೇಳಲಾಗುವುದು. ತಪ್ಪಿದರೆ ವರ್ಗಾವಣೆ ಕಾಯಂ.

"ಸರಿಯಾಗಿ" ಎಂಬ ಮಾತಿನ ಕೆಳಗೆ ಸಾಹೇಬರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಮೇಷ್ಟ್ರಿಗೆ ನಗು ಬಂತು. ಟೈಮಿನ ವಿಷಯದಲ್ಲಿ ಗೆರೆ ಎಳೆಯುವುದಂತೆ, ಅದೂ ಅವರಿಗೆ!

ಆ ದಿನ ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಸ್ಸು ನಿಲ್ಲುವ ಕಟ್ಟೆಗೆ ಬಂದಾಗ, ಕೂಡಿಸಿ ಭಾಗಿಸಿದ ಲೆಕ್ಕದಲ್ಲಿ ಗಂಟೆ ಎಂಟು. ಎಂಟಕ್ಕೆ ಹೊರಡಬೇಕಾದ ಬಸ್ಸು ಇನ್ನೂ ತಣ್ಣಗೆ ನಿಂತಿತ್ತು. ಮಹಾಯುದ್ಧದ ದೆಸೆಯಿಂದ ಪೆಟ್ರೋಲಿಗೆ ಬರ ಬಂದ ಕಾಲ. ಇದ್ದಿಲು ಉರಿಸಿ ಅದರ ಹೊಗೆಯಿಂದ ಓಡಿಸುವ ಬಸ್ಸು ಅದು. ಡ್ರೈವರ್ ನಿಯಾಜ್ ಅಹಮದ್ ಇದ್ದಿಲಿನ ಮೂಟೆಗೆ ಒರಗಿ ಚಾ ಕುಡಿಯುತ್ತಿದ್ದ. ಬಸ್ಸಿನ ಮೆಟ್ಟಿಲ ಮೇಲೆ ಸೊಪ್ಪಿನ ದುರುಗಕ್ಕ ಬುಟ್ಟಿ ಇಟ್ಟುಕೊಂಡು ಎಲೆಅಡಿಕೆ ಹಾಕುತ್ತಿದ್ದಳು.

"ಏನಯ್ಯಾ ನಿಯಾಜ್, ಎಂಟಾತು! ಇನ್ನೂ ಬೆಂಕಿನೇ ಹಾಕಿಲ್ಲ?"

"ಎಂಟೆಲ್ಲಿ ಆತು ಮೇಷ್ಟ್ರೇ? ಬೇಕಾದಷ್ಟು ಹೊತ್ತೈತೆ. ಟೈಮು ಈಗ…"

"ಟೈಮಾ? ನನಗೆ ಟೈಮು ಹೇಳಾಕೆ ಬರ್ತೀಯಾ?" ಮೇಷ್ಟ್ರು ಎರಡೂ ತೋಳು ಸರಿಸಿ ಕೈಗಳನ್ನು ಮುಂದೆ ಚಾಚಿದರು. "ನೋಡು! ಒಂದು ಸುಳ್ಳು ಹೇಳ್ಬಹುದು, ಎರಡು ಹೇಳ್ಬಹುದು. ಆರಕ್ಕೆ ಆರೂ ಸುಳ್ಳು ಹೇಳ್ತಾವಾ?"

ನಿಯಾಜ್ ಆರನ್ನೂ ನೋಡಿದ, ಮೇಷ್ಟ್ರ ಮುಖವನ್ನೂ ನೋಡಿದ. ಮುಂದೆ ಮಾತಾಡಿ ಫಲವಿಲ್ಲವೆಂದು ಮತ್ತೆ ಚಾ ಕಡೆಗೆ ತಿರುಗಿದ.

"ಹೊತ್ತು ಇನ್ನೂ ಮರದ ಮ್ಯಾಕೆ ಬಂದಿಲ್ಲ. ಸುಮ್ಕೆ ಕುಂತ್ಕೋ ಬಾರಪ್ಪ" ಎಂದಳು ದುರುಗಕ್ಕ.

ಸೂರ್ಯನನ್ನು ನೋಡಿ ಟೈಮು ಹೇಳುವವರ ಜೊತೆ ವಾದ ಮಾಡುವುದು ಮೇಷ್ಟ್ರ ಘನತೆಗೆ ತಕ್ಕದ್ದಾಗಿರಲಿಲ್ಲ. ಈ ಬಸ್ಸನ್ನು ನಂಬಿದರೆ ಜಗಳೂರೇ ಗತಿ ಎಂದು ಅವರು ನೇರ ಜಹಾಂಗೀರನ ಜಟಕಾ ಹತ್ತಿದರು.

"ಹೊನ್ನಾಳಿಗಾ?" ಜಹಾಂಗೀರ್ ಹುಬ್ಬೇರಿಸಿದ. "ನನ್ನ ಕುದುರೆ ದಿನಾ ಹೋಗೋದು ಸವಳಂಗಕ್ಕೆ. ಹೊನ್ನಾಳಿ ಅದಕ್ಕೆ ಗೊತ್ತಿಲ್ಲ. ದೂರ ಬೇರೆ." ಅವನ ಕಣ್ಣು ಮೇಷ್ಟ್ರ ಮಣಿಕಟ್ಟಿನ ಮೇಲೆ ನಿಂತಿತು. "ಅದೇನು, ಕತ್ತಲಾಗೆ ಹೊಳೆಯೋದಾ?"

ಮೇಷ್ಟ್ರು ಕೈಯನ್ನು ಹಿಂದಕ್ಕೆಳೆದುಕೊಂಡರು. ಆದರೆ ಕಣ್ಣ ಮುಂದೆ ಹೆಂಡತಿ ತಟ್ಟದ ರೊಟ್ಟಿಗಳು ಸಾಲಾಗಿ ಬಂದು ನಿಂತವು. ಹೊಳೆಯುವ ವಾಚನ್ನು ಬಿಚ್ಚಿ ಕೊಟ್ಟರು.

ಜಟಕಾ ಹೊರಟಿತು. ಊರಾಚೆ ದಾರಿ ಕವಲಾಗುವಲ್ಲಿ ಜಹಾಂಗೀರ್ ಹೊನ್ನಾಳಿ ಕಡೆಗೆ ಲಗಾಮು ಎಳೆದ. ಕುದುರೆ ಸವಳಂಗದ ಕಡೆಗೆ ತಿರುಗಿತು. ಅವನು ಮತ್ತೂ ಎಳೆದ. ಕುದುರೆ ಕತ್ತನ್ನಷ್ಟೇ ಹೊನ್ನಾಳಿ ಕಡೆ ಹೊರಳಿಸಿ, ಕಾಲುಗಳನ್ನು ಸವಳಂಗದ ಕಡೆಗೇ ಹಾಕುತ್ತಾ ಎರಡು ಮೈಲಿ ಓಡಿತು.

"ತಿರುಗಿಸಯ್ಯಾ!"

"ತಿರುಗಬೇಕು ಅಂದ್ರೆ ಅದಕ್ಕೆ ಹುರುಳಿ ತಿನ್ನಿಸಬೇಕು. ಹುರುಳಿ ಈಗ ಎಷ್ಟು ತುಟ್ಟಿ ಗೊತ್ತಾ ಮೇಷ್ಟ್ರೇ?" ಎಂದು ಜಹಾಂಗೀರ್ ಇನ್ನೊಂದು ಕೈಯ ಕಡೆ ನೋಡಿದ.

ಎರಡನೆಯ ವಾಚೂ ಹೋಯಿತು. ಕುದುರೆ ಹುರುಳಿ ತಿಂದು, ತಿರುಗಿ, ಕವಲಿಗೆ ಬಂದು, ಅಲ್ಲಿಂದ ನೇರ ನ್ಯಾಮತಿಯ ತನ್ನ ಲಾಯದ ಕಡೆಗೆ ಮುಖ ಮಾಡಿತು. ಮೇಷ್ಟ್ರು ಓಡುತ್ತಿದ್ದ ಜಟಕಾದಿಂದಲೇ ಧುಮುಕಿದರು.

ಉಳಿದ ನಾಲ್ಕು ವಾಚುಗಳಲ್ಲಿ ಗಂಟೆ ಒಂಬತ್ತಾಗುತ್ತಾ ಬಂದಿತ್ತು. ಆಗ ಹೊನ್ನಾಳಿಯ ಕಡೆಗೆ ಸೈಕಲ್ ತುಳಿದುಕೊಂಡು ಬಂದವನು ಚಿಕ್ಕಹನುಮಂತಪ್ಪ. ಹಳ್ಳಿಹಳ್ಳಿಗೆ ಹೋಗಿ ಸೀರೆ ಮಾರುವವನು. ಮೇಷ್ಟ್ರು ರಸ್ತೆಗೆ ಅಡ್ಡ ನಿಂತರು.

"ನನ್ನ ಗಂಟು ಬಿಚ್ಚಿ ನಿಮ್ಮನ್ನ ಕೂರಿಸ್ಕೊಂಡ್ರೆ ನನ್ನ ವ್ಯಾಪಾರ ಹೆಂಗೆ?" ಎಂದ ಚಿಕ್ಕಹನುಮಂತಪ್ಪ. ಗಂಟು ಮೇಷ್ಟ್ರ ತಲೆಯ ಮೇಲೆ ಬಂತು, ಮೇಷ್ಟ್ರು ಹಿಂದಿನ ಕ್ಯಾರಿಯರಿನ ಮೇಲೆ ಬಂದರು, ಒಂದು ವಾಚು ಚಿಕ್ಕಹನುಮಂತಪ್ಪನ ಕೈಗೆ ಹೋಯಿತು. ಆ ಕಾಲಕ್ಕೆ ಟೈರು ಟ್ಯೂಬು ಎಲ್ಲೂ ಸಿಗುತ್ತಿರಲಿಲ್ಲವಾಗಿ ಅವನು ಹಿಂದಿನ ಚಕ್ರಕ್ಕೆ ಹುಲ್ಲು ತುರುಕಿ ಹಗ್ಗ ಸುತ್ತಿದ್ದ. ಒಂದೊಂದು ಸುತ್ತಿಗೂ ಮೇಷ್ಟ್ರು ಒಂದೊಂದು ಗೇಣು ಮೇಲೆ ಹಾರಿ ಕೂರುತ್ತಿದ್ದರು. ಐದಾರು ಮೈಲಿ ಕಳೆದ ಮೇಲೆ ಹಗ್ಗ ಕಿತ್ತಿತು, ಹುಲ್ಲು ಚೆಲ್ಲಿತು, ಸೈಕಲ್ಲೂ ಸೀರೆಗಳೂ ಮೇಷ್ಟ್ರೂ ಒಟ್ಟಿಗೆ ಕೆಸರಿನ ಗುಂಡಿಗೆ ಬಿದ್ದರು.

ಮೇಷ್ಟ್ರು ಎದ್ದವರೇ ಮೊದಲು ವಾಚುಗಳನ್ನು ಕಿವಿಗೆ ಹಿಡಿದರು. ಮೂರೂ ಓಡುತ್ತಿದ್ದವು. "ನೋಡಿದ್ಯಾ! ಇದಕ್ಕೇ ಹೇಳೋದು ಮಿಲಿಟರಿ ಮಾಲು ಅಂತ!" ಎಂದು ಕೂಗಿದರು.

ಚಿಕ್ಕಹನುಮಂತಪ್ಪ ಕೆಸರಾದ ಸೀರೆಯೊಂದನ್ನು ಎತ್ತಿ ಹಿಡಿದ. "ಭಾರಿ ಗಟ್ಟಿ ಮಾಲು. ಹಂಗಾದ್ರೆ ಈ ಸೀರೆಗೆ ಬದಲು ಒಂದು ಕೊಡ್ರಿ."

ಉಳಿದದ್ದು ಎರಡು. ಹಿಂದಿನಿಂದ ಮಡಕೆ ತುಂಬಿದ ಎತ್ತಿನ ಗಾಡಿ ಬಂತು. ತಿಪ್ಪಮ್ಮ ಎಂಬ ಹೆಂಗಸು ಸಂತೆಗೆ ಹೊರಟಿದ್ದಳು. ಮೇಷ್ಟ್ರು ಕೇಳದೆಯೇ ಹತ್ತಿ ಕೂತು, "ಓಡಿಸವ್ವಾ, ಓಡಿಸು! ಹತ್ತೂಕಾಲಾತು!" ಎಂದರು.

"ಓಡಿಸಿದ್ರೆ ಮಡಕೆ ಒಡೀತಾವಲ್ಲೋ ಯಪ್ಪಾ."

"ಒಡೆದ್ರೆ ಒಡೀಲಿ. ಇಕಾ, ಇದನ್ನ ಹಿಡಿ."

ಮಾತಿನಂತೆ ಮಡಕೆಗಳು ಒಡೆದವು. ಅರ್ಧ ದಾರಿಗೆ ಒಂದು ವಾಚು, ಉಳಿದರ್ಧಕ್ಕೆ ಇನ್ನೊಂದು. ಕೊನೆಯದನ್ನು ಬಿಚ್ಚಿ ಕೊಡುವಾಗ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅದು ಖಲಂದರ್ ಬಕೆಟ್ಟಿನಿಂದ ಎತ್ತಿಕೊಟ್ಟ ಮೊದಲನೆಯ ವಾಚು. ಕೊಡುವ ಮುನ್ನ ನೋಡಿಕೊಂಡ ಟೈಮು ಹನ್ನೊಂದಕ್ಕೆ ಹದಿನೈದು ನಿಮಿಷ.

ಅದೇ ಹೊತ್ತಿಗೆ ಹಿಂದಿನಿಂದ ಬುಸುಗುಡುತ್ತಾ ಇದ್ದಿಲ ಬಸ್ಸು ಬಂತು. ಮೇಷ್ಟ್ರು ಎದ್ದು ನಿಂತು ಎರಡೂ ಕೈ ಬೀಸಿದರು. ನಿಯಾಜ್ ತಲೆ ಹೊರಗೆ ಹಾಕಿ, "ನಿಲ್ಲಿಸಿದ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ ಮೇಷ್ಟ್ರೇ! ಬರ್ರಿ ನಿಧಾನಕ್ಕೆ!" ಎಂದು ಕೂಗಿದ. ಕಿಟಕಿಯಲ್ಲಿ ದುರುಗಕ್ಕ ಎಲೆಅಡಿಕೆ ಅಗಿಯುತ್ತಾ ಕೈ ಬೀಸಿದಳು.

ಸಂತೆಯ ಹತ್ತಿರ ಗಾಡಿ ಇಳಿದು ಓಡಿ, ಮೇಷ್ಟ್ರು ಬಂಗಲೆಯ ಮೆಟ್ಟಿಲಿಗೆ ಬಂದು ಬಿದ್ದಾಗ ಅವರಿಗೆ ಏದುಸಿರು. ಜವಾನ ಯರ್ರಿಸ್ವಾಮಿ ಬಾಗಿಲ ಪರದೆ ಕೊಡವುತ್ತಿದ್ದ.

"ಸಾಹೇಬರು… ಹನ್ನೊಂದು…"

"ಇನ್ನೂ ಒಂದು ಗಂಟೆ ಐತಲ್ರೀ. ಸಾಹೇಬರು ಸ್ನಾನಕ್ಕೆ ಹೋಗ್ಯಾರೆ."

ಒಳಗೆ ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ. "ನಿಂತೋಗೈತೆ ಅದು!" ಎಂದರು ಮೇಷ್ಟ್ರು.

"ನಿಂತಿಲ್ರೀ, ತಿರುಗಿಸಿರೋದು. ದಸರೆ ರಜೆಯಾಗೆ ಸರ್ಕಾರ ಹೊಸಾ ಟೈಮು ತೆಗೆದು ಹಳೇ ಟೈಮು ತಂತಲ್ಲ. ಊರಿಗೆಲ್ಲ ಗೊತ್ತೈತೆ, ನಿಮಗೆ ಗೊತ್ತಿಲ್ವಾ?"

ಯುದ್ಧದ ಕಾಲದಲ್ಲಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ನೂಕಿಸಿತ್ತು. ಯುದ್ಧ ಮುಗಿಯಿತು, ಆ ಒಂದು ಗಂಟೆಯನ್ನು ವಾಪಸು ಕೊಟ್ಟಿತ್ತು. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಮೇಷ್ಟ್ರು ಅದೇ ಪೇಪರನ್ನು ಹಾಸಿಕೊಂಡು, ಅದರ ಮೇಲೆ ಆರೂ ವಾಚುಗಳನ್ನಿಟ್ಟು ಒರೆಸುತ್ತಾ ಕೂತಿದ್ದರು.

ಅವರು ಬೆಂಚಿನ ಮೇಲೆ ಕುಸಿದರು. ಆರು ವಾಚುಗಳನ್ನು ಕೊಟ್ಟು, ಮೂಳೆ ಮೂಳೆ ನೋಯಿಸಿಕೊಂಡು, ಒಂದು ಗಂಟೆ ಮೊದಲೇ ಬಂದಿದ್ದರು. ಬಸ್ಸಿನಲ್ಲಿ ಕೂತಿದ್ದರೂ ಇಷ್ಟೊತ್ತಿಗೇ ಬರುತ್ತಿದ್ದರು. ಬರಿಯ ಮಣಿಕಟ್ಟುಗಳನ್ನು ನೋಡಿಕೊಂಡರು. ಆಮೇಲೆ, ಹೋಗಲಿ, ಪೀಡೆ ಕಳೆಯಿತು, ವರ್ಗ ತಪ್ಪಿದರೆ ಅಷ್ಟೇ ಸಾಕು ಎನ್ನಿಸಿತು. ಹೆಂಡತಿಗೆ ಬರಿಗೈ ತೋರಿಸಿ ನಗಿಸಬಹುದು. ಸಾಹೇಬರಿಗೂ ತೋರಿಸಬಹುದು. ಎಷ್ಟೋ ತಿಂಗಳ ಮೇಲೆ ಅವರ ಕೈಗಳು ಹಗುರವಾಗಿದ್ದವು, ಮನಸ್ಸೂ ಹಗುರವಾಯಿತು.

"ಕೆಸರಾಗೀರಿ. ಸಂತೆ ಬಾವಿಯಾಗೆ ಮುಖ ತೊಳ್ಕೊಂಡು ಬರ್ರಿ. ಹನ್ನೊಂದಕ್ಕೆ ಕರೀತಾರೆ" ಎಂದ ಯರ್ರಿಸ್ವಾಮಿ.

ಮೇಷ್ಟ್ರು ಬಾವಿಗೆ ಹೋದರು, ಮುಖ ತೊಳೆದರು. ಅಲ್ಲಿಂದ ಹೊರಟವರಿಗೆ ಒಂದು ಯೋಚನೆ ಬಂತು: ಹನ್ನೊಂದಾದದ್ದು ತಿಳಿಯುವುದು ಹೇಗೆ? ಇಂಥ ದಿನ ಕೈಯಲ್ಲಿ ವಾಚಿಲ್ಲದೆ ಇರುವುದು ಬೇಜವಾಬ್ದಾರಿಯಲ್ಲವೇ? ಈ ಯೋಚನೆ ಬರುವುದಕ್ಕೂ, ಸಂತೆಯ ಮೂಲೆಯಲ್ಲಿ ಒಬ್ಬ ಮಾಜಿ ಸಿಪಾಯಿ ಕಂಬಳಿಯ ಮೇಲೆ ಬೂಟು, ಬೆಲ್ಟು, ಒಂದು ದಪ್ಪ ವಾಚು ಹರಡಿ ಕೂತಿದ್ದು ಕಾಣುವುದಕ್ಕೂ ಸರಿಹೋಯಿತು.

ಮೇಷ್ಟ್ರು ಅದನ್ನು ನೀರಿಗೆ ಹಾಕಿ ನೋಡಿದರು. ಕಲ್ಲಿನ ಮೇಲೆ ಎಸೆದು ನೋಡಿದರು. ಸಿಪಾಯಿಯ ಬೂಟಿನಿಂದಲೇ ಮೇಲೆ ನಾಲ್ಕೇಟು ಹಾಕಿ ನೋಡಿದರು. ಗಾಜು ಬಿರಿಯಲಿಲ್ಲ. ಎಂಥ ಗಟ್ಟಿ! ಬಸ್ಸಿನ ಕಾಸು ಸಾಲಲಿಲ್ಲವೆಂದು ಕೋಟನ್ನೂ ಬಿಚ್ಚಿ ಕೊಟ್ಟರು. ಕಟ್ಟಿಕೊಂಡು ನೋಡಿದರೆ ಹತ್ತೂ ಇಪ್ಪತ್ತೈದು. ಇನ್ನೂ ಮೂವತ್ತೈದು ನಿಮಿಷ ಕೈಯಲ್ಲಿತ್ತು. ಕೈ ತಿರುಗಿಸಿ ನೋಡುತ್ತಾ, ಬಿಸಿಲಿಗೆ ಹಿಡಿದು ಹೊಳೆಯಿಸುತ್ತಾ, ಸಂತೆಯನ್ನು ಎರಡು ಸುತ್ತು ಹಾಕಿ, ಆರಾಮಾಗಿ ಬಂಗಲೆಗೆ ಬಂದರು.

ಯರ್ರಿಸ್ವಾಮಿ ಬಾಗಿಲಿಗೆ ಬೀಗ ಹಾಕುತ್ತಿದ್ದ. ಸಾಹೇಬರ ಕಾರಿನ ಧೂಳು ಇನ್ನೂ ರಸ್ತೆಯ ಮೇಲಿತ್ತು.

"ಎಲ್ಲಿ ಹೋಗಿದ್ರಿ ಮೇಷ್ಟ್ರೇ? ಮೂರು ಸಲ ಹೆಸರು ಹಿಡಿದು ಕೂಗಿದೆ! ಹನ್ನೊಂದೂ ಇಪ್ಪತ್ತೈದಾತು!"

"ಹತ್ತೂ ಇಪ್ಪತ್ತೈದು!" ಮೇಷ್ಟ್ರು ಗುಡುಗಿದರು. ವಾಚನ್ನು ಅವನ ಮೂಗಿಗೆ ಹಿಡಿದರು. "ಸರಿಯಾಗಿ ಒಂದು ಗಂಟೆ ಮುಂದೈತೆ ನಿಮ್ಮ ಗಡಿಯಾರ. ಹೊಸಾ ಟೈಮು ತೆಗೆದಿದ್ದಾರೆ ಅಂತ ನೀನೇ ಹೇಳಿ, ಮತ್ತೆ ಮುಂದಕ್ಕೆ ನೂಕಿದ್ದು ಯಾರು?"

ಯರ್ರಿಸ್ವಾಮಿ ಬೀಗ ಬಿಟ್ಟು ತಿರುಗಿದ. ಆ ಕೈಯನ್ನು ಹಿಡಿದು ತನ್ನ ಕಿವಿಗೆ ಒತ್ತಿಕೊಂಡ. ಆಮೇಲೆ ಮೆಲ್ಲಗೆ ಅದನ್ನು ಮೇಷ್ಟ್ರ ಕಿವಿಗೇ ತಂದು ಇಟ್ಟ. ಏನೂ ಕೇಳಿಸಲಿಲ್ಲ.

"ಸಾಹೇಬರು ಒಳ್ಳೇ ಮನಸ್ಸಿನಾಗೆ ಇದ್ರು ಕಣ್ರೀ" ಎಂದ ಯರ್ರಿಸ್ವಾಮಿ. "'ಮೇಷ್ಟ್ರು ಒಂದು ಗಂಟೆ ಮುಂಚೆನೇ ಬಂದಾರೆ ಸ್ವಾಮಿ' ಅಂದೆ. 'ಪರವಾಗಿಲ್ಲ, ಸುಧಾರಿಸಿದ್ದಾನೆ, ಕರಿ' ಅಂದ್ರು. ಹನ್ನೊಂದಕ್ಕೆ ಹುಡುಕ್ಕೊಂಡು ಸಂತೆಗೂ ಬಂದೆ. ನೀವು ಬೂಟು ತಗೊಂಡು ವಾಚಿಗೆ ಹೊಡೀತಾ ಕುಂತಿದ್ರಿ. ಕೂಗಿದ್ರೆ ತಿರುಗಿ ನೋಡ್ಲಿಲ್ಲ. ಸಾಹೇಬರು ಕೇಳಿದ್ರು, ಇದ್ದದ್ದು ಹೇಳಿದೆ. ಕೆಂಪು ಶಾಯಿ ತರಿಸ್ಕೊಂಡು ಸಹಿ ಹಾಕಿದ್ರು."

ಜಗಳೂರು! ಮೇಷ್ಟ್ರ ಮೈಯೆಲ್ಲ ನಡುಗಿತು. ಒಲೆಯ ಮುಂದೆ ಕೂತ ಸರ್ವಮಂಗಳಮ್ಮನವರ ಬೆನ್ನು ಕಂಡಿತು. ಆ ನಡುಕ ತೋಳಿಗಿಳಿದು, ತೋಳಿಂದ ಮಣಿಕಟ್ಟಿಗಿಳಿಯಿತು. ಮಣಿಕಟ್ಟಿನಲ್ಲಿ ಏನೋ ಸಣ್ಣಗೆ ಅಲುಗಿದಂತಾಯಿತು. ಅವರು ಗಬಕ್ಕನೆ ಕೈಯನ್ನು ಕಿವಿಗೆ ಹಿಡಿದರು.

"ಓಡ್ತಾ ಐತೆ!" ಅವರ ಮುಖ ಊರಗಲ ಆಯಿತು. "ಯರ್ರಿಸ್ವಾಮಿ, ಓಡ್ತಾ ಐತೆ ಕಣಯ್ಯಾ! ಮಿಲಿಟರಿ ಮಾಲು! ಬಾಗಿಲು ತೆಗಿ, ಬಾಗಿಲು ತೆಗಿ. ಒಳಗಿನ ಗಡಿಯಾರದಾಗೆ ಈಗ ಸರಿಯಾಗಿ ಎಷ್ಟು ಅಂತ ನೋಡಿ ಹೇಳು."