ತೂಕದ ಯಂತ್ರ ಏರಿದ ಟೈಲರಮ್ಮ

"ಸೂರ್ಯ ಬೇಕಾದರೆ ಒಂದು ದಿನ ರಜೆ ಹಾಕಲಿ, ನನ್ನ ಮಾತು ಮಾತ್ರ ತಪ್ಪೋದಿಲ್ಲ!" ಎಂದು ಟೈಲರಮ್ಮ ಪ್ರಾರ್ಥನೆಯ ಪುಸ್ತಕ ಮುಟ್ಟಿ ಏಳು ಹೆಂಗಸರ ಮುಂದೆ ಘೋಷಿಸಿಬಿಟ್ಟಳು.

ಆ ಏಳು ಜನ ಅಂದು ತಂತಮ್ಮ ಮನೆಯ ತೂಕದ ಯಂತ್ರಗಳನ್ನು ಹೊತ್ತು ತಂದಿದ್ದರು. ಸೋತ ರಾಜರು ಗೆದ್ದವನ ಕಾಲಬುಡದಲ್ಲಿ ಕತ್ತಿ ಇಡುವುದಿಲ್ಲವೇ, ಹಾಗೆ! ಪ್ರಾರ್ಥನಾ ಮಂದಿರದ ಈ ಸಂಘ ಟೈಲರಮ್ಮನ ಸ್ವಂತ ಕೂಸು. ದೇವರು ಕೊಟ್ಟ ಊಟವನ್ನು ಹೆದರಿ ಉಣ್ಣಬಾರದು, ಕದ್ದು ಉಣ್ಣಬಾರದು, ತೂಗಿ ಉಣ್ಣಬಾರದು ಎಂಬುದು ಅದರ ಶಾಸನ. ಅವಳು ಓದಿದ್ದು ನಾಲ್ಕನೇ ಕ್ಲಾಸು. ಆದರೇನು, ನಲವತ್ತು ವರ್ಷ ಊರ ಹೆಂಗಸರ ಸೊಂಟ ಅಳೆದ ಕೈ! ಯಾರು ಉಸಿರು ಬಿಗಿಹಿಡಿದು ಅಳತೆ ಕೊಡುತ್ತಾರೆ, ವಾರ ಕಳೆದ ಮೇಲೆ ಹೊಲಿಗೆ ಬಿಚ್ಚಿಸಲು ಯಾರು ಹಿಂಬಾಗಿಲಿಂದ ಬರುತ್ತಾರೆ, ಎಲ್ಲ ಅವಳಿಗೆ ಗೊತ್ತು.

ಆರು ಜನ ಯಂತ್ರ ಒಪ್ಪಿಸಿದರು. ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿ ಮಾತ್ರ ತನ್ನದನ್ನು ಎದೆಗವಚಿಕೊಂಡೇ ನಿಂತಳು. ಪ್ರತಿ ಊಟಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಯಂತ್ರ ಹತ್ತಿ ಇಳಿಯುವವಳು ಅವಳು. ಸಂಘದವರು ಒಟ್ಟಿಗೆ ಊಟಕ್ಕೆ ಕೂತರೆ ನೀರು ಕುಡಿದು ಎದ್ದುಹೋಗುವಳು. ಒಮ್ಮೆ ಅಳತೆ ಕೊಡಲು ಬಂದಿದ್ದಾಗ ಟೇಪು ಅವಳ ಸೊಂಟ ಸುತ್ತಿ ಸುತ್ತಿ ಮಿಕ್ಕದ್ದನ್ನು ಕಂಡು ಟೈಲರಮ್ಮನ ಕರುಳು ಚುರುಕ್ಕೆಂದಿತ್ತು. ನಿಜ ಹೇಳಬೇಕೆಂದರೆ ಸಂಘ ಕಟ್ಟಿದ್ದೇ ಆ ಹುಡುಗಿಗಾಗಿ.

"ಒಂದು ವಾರ ಕೊಡ್ತೀನಿ. ಆದ್ರೆ ನೀವೂ ತೂಕ ನೋಡ್ಕೋಬಾರದು, ಅಮ್ಮಾ. ನೀವು ಹತ್ತಿದ್ರೆ ನನ್ನದು ನನಗೆ ವಾಪಸ್. ಮತ್ತೆ ಈ ಕಡೆ ತಲೆ ಹಾಕಲ್ಲ" ಎಂದಳು ಹುಡುಗಿ.

"ನಾನಾ? ಹತ್ತೋದಾ?" ಎಂದು ನಕ್ಕು, ಆಗಲೇ ಸೂರ್ಯನಿಗೆ ರಜೆ ಕೊಟ್ಟದ್ದು ಟೈಲರಮ್ಮ.

ಏಳು ಯಂತ್ರಗಳೂ ಅವಳ ಹೊಲಿಗೆ ಮೆಷಿನ್ನಿನ ಕೆಳಗೆ ಸೇರಿದವು. ಆರಕ್ಕೆ ಮುಳ್ಳು. ಏಳನೆಯದು ಸಂಘದ ನರ್ಸಮ್ಮನದು, ಬಾಯಿ ಬಿಟ್ಟು ಮಾತಾಡುವಂಥದು. ಮರುದಿನ ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದ ಟೈಲರಮ್ಮನಿಗೆ ಅದರ ಮೇಲೆ ಧೂಳು ಕಂಡಿತು. ಮರುಗಳಿಗೆಯಲ್ಲೇ ಕೋಣೆ ತುಂಬ ಒಂದು ಹೆಣ್ಣುದನಿ ಮೊಳಗಿತು: "ಎಂಬತ್ತೆರಡು ಕಿಲೋ!"

ಪಕ್ಕದ ಕೋಣೆಯಿಂದ ಯಜಮಾನರು ಕೇಳಿದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಎಂಜಿನ್ನಿನ ಸದ್ದಿನಲ್ಲೇ ರೋಗ ಹಿಡಿಯುವ ಕಿವಿ.

"ಯಾರೇ ಬಂದಿರೋದು?"

"ಯಾರೂ ಇಲ್ಲ ರೀ, ರೇಡಿಯೋ!"

"ರೇಡಿಯೋದಲ್ಲಿ ನಿನ್ನ ತೂಕ ಯಾಕೆ ಹೇಳ್ತಾರೆ?"

"ಧೂಳು ಒರೆಸ್ತಿದ್ದೆ."

"ಕಾಲಲ್ಲಾ?"

ಟೈಲರಮ್ಮ ಕೆಂಡವಾದಳು. "ಇನ್ನು ಆ ಮೂಲೆಗೆ ಕಣ್ಣು ಹಾಯಿಸಿದ್ರೆ ಕೇಳಿ!" ಎಂದಳು. ಯಜಮಾನರು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಶನಿವಾರ ಬಂತು. ಮಂದಿರಕ್ಕೆ ಬಣ್ಣ ಹೊಡೆಯುತ್ತಿದ್ದುದರಿಂದ ಸಭೆ ಟೈಲರಮ್ಮನ ಮನೆಯ ನಡುಮನೆಯಲ್ಲಿ. ಅವಳ ತಲೆಯಲ್ಲಿ ಒಂದು ಮಹಾ ಉಪಾಯ ಹೊಳೆದಿತ್ತು: "ನಮ್ಮನ್ನು ಇಷ್ಟು ವರ್ಷ ಆಳಿದ ಯಂತ್ರಗಳನ್ನೇ ಕಾಲಡಿ ಹಾಕ್ಕೊಂಡು ಮಾತಾಡ್ತೀನಿ!" ಮುಳ್ಳಿನ ಯಂತ್ರ ನಾಲ್ಕನ್ನು ನಾಲ್ಕು ಮೂಲೆಗಿಟ್ಟು, ಮೇಲೆ ಬಟ್ಟೆ ಕತ್ತರಿಸುವ ಹಲಗೆ ಹಾಕಿ, ಅದರ ಮೇಲೆ ಕಂಬಳಿ ಹಾಸಿ ವೇದಿಕೆ ಕಟ್ಟುವ ಹೊಣೆಯನ್ನು ಯಜಮಾನರಿಗೆ ಒಪ್ಪಿಸಿ, ಬ್ರೆಡ್ಡು ಬೆಣ್ಣೆ ತರಲು ಅಂಗಡಿಗೆ ಹೋದಳು.

ಯಜಮಾನರು ಕಟ್ಟಿ ನೋಡಿದರೆ ಬಲಗಡೆ ಹಿಂದಿನ ಮೂಲೆ ಕುಂಟುತ್ತಿತ್ತು. ಬಸ್ಸಿನವರ ಕಣ್ಣು ಕುಂಟುವ ಚಕ್ರವನ್ನು ಸಹಿಸುವುದುಂಟೇ? ಸರಿಯಾದ ಎತ್ತರದ್ದೊಂದನ್ನು ಹುಡುಕಿ ಬದಲಾಯಿಸಿದರು. ಕಂಬಳಿ ಮುಚ್ಚಿದರು. ಹೆಂಡತಿಗೆ ಹೇಳುವುದನ್ನು ಮರೆತರು.

ಹೆಂಗಸರು ಬಂದು ಚಾಪೆಯ ಮೇಲೆ ಕೂತರು. ಲೈಬ್ರರಿ ಹುಡುಗಿ ಬಾಗಿಲ ಪಕ್ಕವೇ ಕೂತಳು, ಎದ್ದುಹೋಗಲು ಅನುಕೂಲವಾಗುವಂತೆ. ಟೈಲರಮ್ಮ ವೇದಿಕೆ ಏರಿ, ಕೊರಳಲ್ಲಿ ಟೇಪು ಜೋತಾಡಿಸಿಕೊಂಡೇ, "ಅಳತೆಗೆ ಅಂಜಬೇಡಿ!" ಎಂದು ಅಬ್ಬರಿಸಿದಳು. ಕೈ ಬೀಸಿದಳು, ಕಾಲು ಒತ್ತಿದಳು, ಹಲಗೆ ನಡುಗಿಸಿದಳು. ಅಷ್ಟು ಹೊತ್ತೂ ಕೆಳಗಿದ್ದದ್ದು ತುಟಿ ಬಿಚ್ಚಲಿಲ್ಲ. ಮೇಲಿರುವವರು ಅಲ್ಲಾಡದೆ ನಿಂತರೆ ಮಾತ್ರ ಅದು ಬಾಯಿ ಬಿಡುವುದು.

"ಈಗ ಎಲ್ಲರೂ ಮೌನವಾಗಿ ಪ್ರಾರ್ಥಿಸೋಣ" ಎಂದು ಟೈಲರಮ್ಮ ಕಣ್ಣು ಮುಚ್ಚಿ ಕಂಬದಂತೆ ನಿಂತಳು.

ಒಂದು. ಎರಡು. ಮೂರು.

"ಇಪ್ಪತ್ತೊಂದು ಕಿಲೋ!" ಎಂದಿತು ವೇದಿಕೆಯ ಮೂಲೆ, ತನ್ನ ಪಾಲಿಗೆ ಬಂದ ಕಾಲುಭಾಗದ ಭಾರವನ್ನಷ್ಟೇ ತೂಗಿ. "ಅಭಿನಂದನೆಗಳು! ಇಂದು ಬೆಳಗ್ಗೆಗಿಂತ ಅರವತ್ತೊಂದು ಕಿಲೋ ಕಡಿಮೆ! ಈ ವಾರ ನೀವು ತೂಗಿಕೊಂಡದ್ದು ಹತ್ತನೇ ಸಲ!"

ಏಳು ಜೊತೆ ಕಣ್ಣು ಒಟ್ಟಿಗೆ ತೆರೆದವು.

"ಅದು ನನ್ನ ಯಂತ್ರದ ದನಿ! ನಾನು ಕೊಟ್ಟು ವಾರವಾಯ್ತಲ್ಲ?" ಎಂದಳು ನರ್ಸಮ್ಮ.

ಟೈಲರಮ್ಮ ಗಾಬರಿಯಿಂದ ಕೆಳಗೆ ಹಾರಿದಳು. ಹಲಗೆಯ ಎದುರು ತುದಿ ಎದ್ದು, ಪಕ್ಕದ ಸ್ಟೂಲಿನಂಚಿಗಿದ್ದ ಗುಂಡುಸೂಜಿಯ ಡಬ್ಬಿಗೆ ಬಡಿಯಿತು. ಡಬ್ಬಿ ಸೂರಿನವರೆಗೆ ಹಾರಿ ನಡುಮನೆಗೆ ಸೂಜಿಯ ಮಳೆ ಸುರಿಸಿತು. ಹೆಂಗಸರು ಲಬೋ ಎಂದು ಕಾಲೆತ್ತಿಕೊಂಡು ಕುರ್ಚಿ, ಕಿಟಕಿಕಟ್ಟೆ ಏರಿದರು!

ಬಾಗಿಲಲ್ಲಿ ನಿಂತಿದ್ದ ಯಜಮಾನರು ಗಲ್ಲ ಕೆರೆದುಕೊಂಡರು. "ಮೂವತ್ತೆಂಟು ವರ್ಷದಲ್ಲಿ ಈ ಮನೇಲಿ ನಿನಗೆ ಎದುರು ಮಾತಾಡಿದ್ದು ಇದೊಂದೇ ಕಣೇ. ಅದಕ್ಕೂ ಎರಡು ಸೆಲ್ ಬೇಕಾಯ್ತು!"

ಯಾರೂ ನಗಲಿಲ್ಲ. ಎಲ್ಲರೂ ಲೈಬ್ರರಿ ಹುಡುಗಿಯನ್ನು ನೋಡುತ್ತಿದ್ದರು. ಅವಳ ಮುಖ ಬಿಳುಚಿತ್ತು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ನೀರಿನ ಬಾನಿಗೆ ಬಿದ್ದ ಹಾಗಾಗಿತ್ತು ಟೈಲರಮ್ಮನ ಪಾಡು. ಆದರೂ ಅವಳು ಓಡಿಹೋಗುವ ಪೈಕಿಯಲ್ಲ. ಬಗ್ಗಿ ಹುಡುಗಿಯ ಯಂತ್ರವನ್ನು ಹುಡುಕಿ ತೆಗೆದಳು, ಸೆರಗಿನಿಂದ ಒರೆಸಿ ಮುಂದೆ ಚಾಚಿದಳು.

"ಕೊಟ್ಟ ಮಾತು ಕೊಟ್ಟ ಮಾತೇ. ತಗೋ ತಾಯಿ. ಒಂಬತ್ತು ಸಲ ಹತ್ತಿದೆ, ಇದನ್ನು ಬಿಟ್ಟು. ಕನ್ನಡಕ ತೆಗೆದು ಹತ್ತಿದೆ, ಕೊರಳ ಟೇಪು ತೆಗೆದೂ ಹತ್ತಿದೆ. ನೂರು ಗ್ರಾಮೂ ಇಳೀಲಿಲ್ಲ!"

"ಹತ್ತಿದ ಮೇಲೆ ಊಟ?" ಎಂದಳು ಹುಡುಗಿ.

"ಒಂಬತ್ತು ಸಲವೂ ಗಂಟಲಲ್ಲಿ ಇಳೀಲಿಲ್ಲ ಕಣಮ್ಮ."

ಹುಡುಗಿ ಯಂತ್ರ ತೆಗೆದುಕೊಂಡಳು. ಬಾಗಿಲ ಕಡೆ ತಿರುಗಿದಳು. ಆದರೆ ಹುಡುಗಿ ಯಂತ್ರವನ್ನು ಹೊಸ್ತಿಲಾಚೆ, ಚಪ್ಪಲಿಗಳ ಪಕ್ಕ ಇಟ್ಟು, ಸೂಜಿ ದಾಟುತ್ತ ವಾಪಸು ಬಂದಳು.

"ನಮ್ಮ ಬೀದಿಯ ಔಷಧದಂಗಡಿ ಮುಂದೆ ಒಂದು ಯಂತ್ರ ಇದೆ. ದಿನಕ್ಕೆರಡು ಸಲ ಅದರ ಮುಂದೇನೇ ಹೋಗ್ಬೇಕು. 'ಆ ವಯಸ್ಸಲ್ಲಿ ಟೈಲರಮ್ಮನೇ ತಡ್ಕೊಂಡಿದ್ದಾರೆ, ನನಗೇನು ಧಾಡಿ' ಅಂತ ಹಲ್ಲು ಕಚ್ಚಿ ದಾಟಿದೆ. ಒಂದೇ ಒಂದು ಸಲವೂ ಹತ್ತಲಿಲ್ಲ." ಅವಳ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡರೆ ಕಿಲಕಿಲ ನಗತೊಡಗಿದಳು. "ಅಮ್ಮಾ, ಇಲ್ಲಿ ನೋಡಿದ್ರೆ ಇಪ್ಪತ್ತೊಂದು ಕಿಲೋ!"

ಕಿಟಕಿಕಟ್ಟೆಯಿಂದ ನರ್ಸಮ್ಮ ಜಾರಿ ಬೀಳುವಷ್ಟು ನಕ್ಕಳು. ನಗುತ್ತ ನಗುತ್ತಲೇ ಹುಡುಗಿ ಬ್ರೆಡ್ಡಿನ ಬುಟ್ಟಿ ಹತ್ತಿರ ಎಳೆದುಕೊಂಡು, ಕೈಗೆ ಸಿಕ್ಕಷ್ಟು ದಪ್ಪಕ್ಕೆ ಮುರಿದು, ಬೆಣ್ಣೆ ಬಳಿದು ಬಾಯಿಗಿಟ್ಟಳು. ಟೈಲರಮ್ಮ ಉಸಿರಾಡುವುದನ್ನೇ ಮರೆತು ನೋಡಿದಳು. ಮೊದಲ ತುತ್ತು ಇಳಿಯಿತು. ಎರಡನೆಯದೂ.

"ಮುಂದಿನ ವಾರದಿಂದ ಸಂಘ ನಾನು ನಡೆಸ್ತೀನಿ. ನೀವು ಚಾಪೆ ಮೇಲೆ" ಎಂದಳು ಹುಡುಗಿ, ಬಾಯಿ ತುಂಬಿಕೊಂಡೇ.

ನಲವತ್ತು ವರ್ಷ ಯಾರ ಮಾತಿಗೂ ತಲೆಬಾಗದ ಟೈಲರಮ್ಮ ಸೂಜಿ ಗುಡಿಸಿ, ಚಾಪೆಯ ಮೇಲೆ ಕೂತು, ಶಾಲೆಯ ಮಗುವಿನಂತೆ ಕೈ ಎತ್ತಿದಳು. "ಪ್ರಾರ್ಥನೆ ಅರ್ಧಕ್ಕೇ ನಿಂತಿದೆಯಲ್ಲ, ಮುಗಿಸೋಣ್ವಾ? ಎದ್ದು ನಿಂತ್ಕೊಳ್ಳಲಾ?"

"ಎಲ್ಲರೂ ಎದ್ದು ನಿಂತ್ಕೊಳ್ಳಿ" ಎಂದಳು ಹೊಸ ನಾಯಕಿ. "ನೀವು ಮಾತ್ರ ಕೂತೇ ಮಾಡಿ, ಅಮ್ಮಾ. ನೀವು ನಿಂತ್ರೆ ದೇವರಿಗಿಂತ ಮೊದಲು ಯಂತ್ರ ಮಾತಾಡತ್ತೆ!"