ಕಂಬಗಳು ಮುಗಿದಲ್ಲಿ ಎಡಕ್ಕೆ

ಪೆನ್ನು ಹಿಡಿದು ಕೂತಿದ್ದೇ ತಡ, ಗೇಟು ಬಡಿಯಿತು. ಮಲಗಿದ್ದ ಮಗು ಎದ್ದು ಕೂತಿತು. ಬಂದವರು ಇನ್ಯಾರು, ದಾರಿ ಕೇಳುವವರು. ದೊಡ್ಡಬಳ್ಳಾಪುರದ ಹೊರಗೆ, ನಮ್ಮ ಮನೆ ಎದುರಿಗೆ ಹೆದ್ದಾರಿಯ ಫ್ಲೈಓವರ್ ಕೆಲಸ ಶುರುವಾದಾಗಿನಿಂದ ನನ್ನ ಪಾಡು ಇದೇ.

ಮ್ಯಾಪು ಹೇಳಿದ ದಾರಿ

ಮೊನ್ನೆ ಒಬ್ಬರು ಬೈಕಿನಲ್ಲಿ ಬಂದು ಕುಂದಾಣಕ್ಕೆ ದಾರಿ ಕೇಳಿದರು. ಹಳೇ ರಸ್ತೆ ಮುಚ್ಚಿದೆ, ಹಿಂದಕ್ಕೆ ಹೋಗಿ ಬಲಕ್ಕೆ ತಿರುಗಿ ಅಂದೆ. ಮ್ಯಾಪು ನೇರ ಹೋಗಿ ಅನ್ನುತ್ತಿದೆಯಲ್ಲ ಅಂತ ಫೋನು ನನ್ನ ಮುಖಕ್ಕೆ ಹಿಡಿದರು. ನೇರಕ್ಕೆ ಇದ್ದದ್ದು ಫ್ಲೈಓವರ್ ಒಂದೇ, ಅದೂ ಅರ್ಧ.

"ಹೋಗಿ ಸ್ವಾಮಿ," ಅಂದೆ. "ನೆನ್ನೆ ತಾನೆ ಕಾಂಕ್ರೀಟ್ ಹಾಕವ್ರೆ. ನಿಮ್ಮ ಟೈರಿನ ಗುರುತು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತೆ."

ಗ್ಯಾಸ್ ಸಿಲಿಂಡರ್

ಮ್ಯಾಪಿನ ಸಹವಾಸ ಬೇಡವೆಂದು ನಾನೇ ಒಂದು ಗುರುತು ಮಾಡಿಕೊಂಡೆ. ಫ್ಲೈಓವರಿನ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲಲು ಕೆಳಗೆ ಹಳದಿ ಬಣ್ಣದ ಕಬ್ಬಿಣದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಮನೆ ತಾರಸಿಗೆ ಕೊಡುವ ಸೆಂಟ್ರಿಂಗೇ, ರಾಕ್ಷಸ ಗಾತ್ರದ್ದು. ಯಾರು ಕೇಳಿದರೂ "ಹಳದಿ ಕಂಬಗಳು ಮುಗಿದಲ್ಲಿ ಎಡಕ್ಕೆ, ಹಸಿರು ಗೇಟು" ಅನ್ನುತ್ತಿದ್ದೆ. ಚೆನ್ನಾಗಿಯೇ ನಡೆಯಿತು.

ಒಂದು ದಿನ ಒಲೆಯ ಮೇಲೆ ಬೇಳೆ ಅರ್ಧ ಬೆಂದಿರುವಾಗ ಗ್ಯಾಸ್ ಖಾಲಿ. ಹೊಸ ಸಿಲಿಂಡರ್ ಕೊಟ್ಟಾಯಿತು ಅಂತ ಫೋನಿಗೆ ಮೆಸೇಜು. ಹೊರಗೆ ಬಂದು ನೋಡಿದರೆ ಕಂಬಗಳೆಲ್ಲ ಮುಂದಿನ ಎರಡು ಪಿಲ್ಲರುಗಳ ನಡುವಿನ ಅಂಕಣದ ಕೆಳಗೆ ಹೋಗಿ ನಿಂತಿವೆ. ನನ್ನ ಸಿಲಿಂಡರೂ ಅವುಗಳ ಜೊತೆಗೇ ಹೋಗಿ ಯಾರದೋ ಗೇಟಿನೊಳಗೆ ಕೂತಿದೆ. ತೆಗೆಯುವ ಮುಂಚೆ ಒಂದು ಮಾತು ಹೇಳಬಾರದಿತ್ತೇ ಎಂದು ಸೈಟ್ ಸೂಪರ್‌ವೈಸರನ್ನು ನಿಲ್ಲಿಸಿಕೊಂಡು ಬೈದೆ.

ಅವನು ನನ್ನನ್ನೇ ಕನಿಕರದಿಂದ ನೋಡಿದ. "ಅದು ಇರೋದೇ ತೆಗೆಯಕ್ಕೆ ಅಕ್ಕ."

ಮೊದಲು ನೀನು

ಕಂಬ ತೆಗೆದ ಮೇಲೆ ಅತ್ತೆಗೆ ಹೊಸ ಭಯ. ಇಷ್ಟು ದಿನ ಕಬ್ಬಿಣ ಹೊತ್ತಿದ್ದನ್ನು ಈಗ ಯಾರು ಹೊತ್ತಿದ್ದಾರೆ ಅನ್ನುವುದು ಅವರ ವಾದ. ಫ್ಲೈಓವರಿನ ಆಚೆ ಅಂಗಡಿಗೆ ಹೋಗಬೇಕಿತ್ತು. ಕೆಳಗೆ ಕಾಲಿಡಲೇ ಇಲ್ಲ. ಏನೂ ಆಗಲ್ಲ ಬನ್ನಿ ಅತ್ತೆ ಅಂತ ಗೋಗರೆದೆ. ಬಹಳ ಹೊತ್ತು ಮೇಲೆ ನೋಡಿ, ಕೊನೆಗೆ ಒಪ್ಪಿದರು.

"ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ," ಅಂದರು. "ಮಗೂನ ಇಲ್ಲಿ ಕೊಡು."

ಒಪ್ಪಿಗೆ

ನನ್ನ ನಾದಿನಿ ಊರಿನ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಂದ ಗಂಡುಗಳನ್ನೆಲ್ಲ ಬೇಡ ಅಂದವಳು ಹೊಸಕೋಟೆ ಕಡೆಯ ಒಬ್ಬರ ಫೋಟೋ ನೋಡಿ "ಪರವಾಗಿಲ್ಲ" ಅಂದಳು. ಅವಳ ಬಾಯಲ್ಲಿ ಅದು ಪ್ರೇಮಪತ್ರ. ಮನೆಯೆಲ್ಲ ಉಸಿರು ಬಿಗಿ ಹಿಡಿದಿತ್ತು. ಗಂಡಿನ ತಾಯಿ ಹಿಂದಿನ ದಿನವೇ ಫೋನ್ ಮಾಡಿ ದಾರಿ ಕೇಳಿದರು. ಈ ಸಲ ನಾನು ಹುಷಾರಾಗಿದ್ದೆ. ಹೊರಗೆ ಹೋಗಿ ಕಂಬಗಳು ಎಲ್ಲಿವೆ ಎಂದು ಕಣ್ಣಾರೆ ನೋಡಿ, ಅವರು ಎದುರು ದಿಕ್ಕಿನಿಂದ ಬರುವವರಾದ್ದರಿಂದ, ಅವು ಮುಗಿದ ಮೇಲೆ ಎರಡನೇ ತಿರುವು ಅಂದೆ.

ಮರುದಿನ ಬೆಳಿಗ್ಗೆ ಅತ್ತೆ ಲಾಳಿ ಸದ್ದು ಬೇಡವೆಂದು ಮನೆಯ ಸೀರೆ ಮಗ್ಗ ನಿಲ್ಲಿಸಿದರು. ನಾದಿನಿ ಸೀರೆ ಉಟ್ಟು ಕೂತಳು. ಉಪ್ಪಿಟ್ಟು ಆರಿತು, ಕೇಸರಿಬಾತ್ ಗಟ್ಟಿಯಾಯಿತು. ಯಾರೂ ಬರಲಿಲ್ಲ. ಮಧ್ಯಾಹ್ನಕ್ಕೆ ಗಂಡಿನ ತಾಯಿಯ ಫೋನು. ದನಿಯಲ್ಲಿ ಸಕ್ಕರೆ.

"ನಮಗೆಲ್ಲ ಒಪ್ಪಿಗೆ ಕಣಮ್ಮ. ನಿಮ್ಮನೇಲಿ ಆ ಗದ್ದಲದಾಗೆ ಹೇಳಕ್ಕಾಗ್ಲಿಲ್ಲ, ಅದಕ್ಕೆ ಕಾರಲ್ಲಿ ಕೂತ್ಮೇಲೆ ಫೋನ್ ಮಾಡ್ತಿದೀನಿ. ಹೆಣ್ಣು ನೋಡಕ್ಕೆ ಪೆಂಡಾಲ್ ಯಾಕಮ್ಮ ಹಾಕ್ಸಿದ್ರಿ? ಊರೋರೆಲ್ಲ ಊಟಕ್ಕೆ ಕೂತಿದ್ರು. ಫೋಟೋದಲ್ಲಿ ಏನೂ ಇಲ್ಲ ಬಿಡಿ, ಎದುರಿಗೆ ನೋಡಿದ್ರೆ ಹುಡುಗಿ ಮಹಾಲಕ್ಷ್ಮಿ."

ನಾನು ಗೇಟಿಗೆ ಓಡಿದೆ. ಹಳದಿ ಕಂಬಗಳು ಬೆಳಿಗ್ಗೆಯೇ ಇನ್ನೊಂದು ಅಂಕಣ ಮುಂದಕ್ಕೆ ಹೋಗಿದ್ದವು. ಅವುಗಳಿಂದ ಈಚೆಗೆ ಎರಡನೇ ತಿರುವಿನಲ್ಲಿ ಯಾರದೋ ಮನೆಯ ಪೆಂಡಾಲು ಕಾಣುತ್ತಿತ್ತು.

"ಅಮ್ಮ," ಅಂದೆ, "ನೀವು ನಮ್ಮನೆಗೆ ಇನ್ನೂ ಬಂದೇ ಇಲ್ಲ."

ಅಷ್ಟರಲ್ಲಿ ನಾದಿನಿ ನೆರಿಗೆ ಎತ್ತಿಕೊಂಡು ನನ್ನ ಹಿಂದೆಯೇ ಗೇಟಿಗೆ ಬಂದು, ನನ್ನ ಕೈ ಹಿಡಿದುಕೊಂಡಳು.

"ಅತ್ತಿಗೆ, ಅವರದೇ ಫೋನಾ? ಒಪ್ಪಿಗೆ ಅಂತಾ?"